ಡಾಕಿಂಗ್‌ನಿಂದ ಮಾಲಿಕ್ಯುಲರ್ ಡೈನಮಿಕ್ಸ್‌ವರೆಗೆ: ಔಷಧ ಹುಡುಕಾಟಕ್ಕೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಕತೆ ಇದು. ಯಾವುದೋ ಪ್ರೋಟೀನಿನ ರಚನೆ ಇಳಿಸಿಕೊಂಡರು, ನೀರನ್ನೆಲ್ಲ ಅಳಿಸಿದರು, ತುಳಸಿ, ಬೇವು, ಅಶ್ವಗಂಧದ ಒಂದಷ್ಟು ಅಣುಗಳನ್ನು ಡಾಕ್ ಮಾಡಿದರು (ಅಂದರೆ ಪ್ರೋಟೀನಿನ ಗುಳಿಯಲ್ಲಿ ಅವು ಹೇಗೆ ಕೂರಬಹುದು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು), ಹೆಚ್ಚು ಋಣವಾದಷ್ಟೂ ಒಳ್ಳೆಯದು ಎನ್ನುವ ಅಂಕದಲ್ಲಿ ಮೈನಸ್ 9.2 ಬಂದದ್ದನ್ನು ಪಟ್ಟಿಯ ಮೇಲೆ ಕೂರಿಸಿದರು, ಅದಕ್ಕೊಂದು 100 ನ್ಯಾನೋಸೆಕೆಂಡಿನ ಮಾಲಿಕ್ಯುಲರ್ ಡೈನಮಿಕ್ಸ್ ಸಿಮ್ಯುಲೇಶನ್ (ಪರಮಾಣುಗಳ ಚಲನೆಯ ಲೆಕ್ಕ) ಓಡಿಸಿ ಅಣು ಜರುಗಿದ ದೂರದ ಗೆರೆ ಸಮತಟ್ಟಾಗಿದೆ ಎಂದು ತೋರಿಸಿ ಇದು ಔಷಧ ಆಗಬಲ್ಲದು ಎಂದು ಬರೆದರು. ಲ್ಯಾಬ್‌ಗೆ ಹೋದರೆ ಆ ಅಣು ಏನೂ ಮಾಡುವುದಿಲ್ಲ.

ಸಾಫ್ಟ್‌ವೇರ್ ಸರಿಯಾಗಿಯೇ ಓಡಿರುತ್ತದೆ. ಎಡವಿದ್ದು ಹಂತಗಳ ಕ್ರಮದಲ್ಲಿ. ಗೊತ್ತಿರುವ ಉತ್ತರವನ್ನು ಕಂಪ್ಯೂಟರ್ ಕೊಡುತ್ತದೋ ಇಲ್ಲವೋ ಎಂದು ನೋಡದೆಯೇ ಗೊತ್ತಿಲ್ಲದ ಉತ್ತರ ಕೇಳಿದ್ದಾರೆ. ಹಾಗಾಗಿ ಇಲ್ಲಿ ಒಂದೇ ಉದಾಹರಣೆ ಹಿಡಿದು ಕೊನೆವರೆಗೂ ಹೋಗುತ್ತೇನೆ: ಎಚ್‌ಐವಿ ಪ್ರೋಟಿಯೇಸ್ ಎಂಬ ಕಿಣ್ವ ಮತ್ತು ಅದಕ್ಕೆ ಕೂರುವ ಇಂಡಿನಾವಿರ್ ಎಂಬ ಔಷಧ. ಪ್ರೋಟೀನ್ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ (ಪಿಡಿಬಿ) ಈ ಜೋಡಿಯ ರಚನೆಯ ಗುರುತು 1ಎಚ್‌ಎಸ್‌ಜಿ. ಚಿಕ್ಕ ಪ್ರೋಟೀನ್, ಉತ್ತರ ಗೊತ್ತಿದೆ, ಎಡವಲು ಬೇಕಾದ ಎಲ್ಲ ಕಲ್ಲುಗಳೂ ಇದರಲ್ಲಿವೆ.

## ಮೊದಲು ಬೇಕಾದ ಸಾಮಾನು

ಲಿನಕ್ಸ್ ಇರುವ ಕಂಪ್ಯೂಟರ್ ಬೇಕು. ವಿಂಡೋಸ್ ಆದರೆ ಅದರೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ, ಸಾಕು. ಡಾಕಿಂಗ್‌ಗೆ ಆಟೋಡಾಕ್ ವಿನಾ. ಫೈಲ್ ತಯಾರಿಗೆ ಆರ್‌ಡಿಕಿಟ್, ಓಪನ್ ಬೇಬಲ್, ಮೀಕೋ. ಕಣ್ಣಿಂದ ನೋಡಲು ಪೈಮೋಲ್ ಅಥವಾ ಕೈಮೆರಾಎಕ್ಸ್. ಪ್ರೋಟಾನ್ ಲೆಕ್ಕಕ್ಕೆ ಪ್ರೋಪ್ಕಾ. ಸಿಮ್ಯುಲೇಶನ್‌ಗೆ ಗ್ರೋಮ್ಯಾಕ್ಸ್, ಜೊತೆಗೆ ಆಂಬರ್‌ಟೂಲ್ಸ್ ಮತ್ತು ಆಕ್‌ಪೈಪ್. ಕಲಿಯುವವರಿಗೆ ಎಲ್ಲವೂ ದುಡ್ಡಿಲ್ಲದೆ ಸಿಗುತ್ತವೆ.

ಡಾಕಿಂಗ್‌ಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಸಿಮ್ಯುಲೇಶನ್‌ಗೆ ಜಿಪಿಯು ಇಲ್ಲದಿದ್ದರೆ ಕಷ್ಟ. ಸುಮಾರಾದ ಗೇಮಿಂಗ್ ಕಾರ್ಡ್ ಇದ್ದರೂ ಇಷ್ಟು ಚಿಕ್ಕ ಪ್ರೋಟೀನಿಗೆ ದಿನಕ್ಕೆ ನೂರು ನ್ಯಾನೋಸೆಕೆಂಡ್ ದಾಟಿಸಬಹುದು, ಬರೀ ಸಿಪಿಯು ಮೇಲೆ ಅದೇ ಕೆಲಸ ವಾರಗಟ್ಟಲೆ ಎಳೆಯಬಹುದು.

ಇನ್ನೊಂದು ಸಾಮಾನು ಒಂದು ಸಾದಾ ಟೆಕ್ಸ್ಟ್ ಫೈಲ್. ಕೊಟ್ಟ ಪ್ರತಿ ಕಮಾಂಡ್, ಪ್ರತಿ ಸಾಫ್ಟ್‌ವೇರಿನ ಆವೃತ್ತಿ ಅದರಲ್ಲಿ ಇರಲಿ. ಮೂರು ತಿಂಗಳ ಬಳಿಕ ಗೈಡ್ ಕೇಳುವ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇರುತ್ತದೆ.

## ಹಂತ 1: ರಚನೆ ಆರಿಸಿ, ನಂಬುವ ಮೊದಲು ತಪಾಸಣೆ ಮಾಡಿ

ಹುಡುಕಾಟದಲ್ಲಿ ಮೊದಲು ಸಿಕ್ಕ ರಚನೆ ಎತ್ತಿಕೊಳ್ಳಬೇಡಿ. ನಿಮಗೆ ಬೇಕಾದ ಜಾಗದಲ್ಲಿ ಈಗಾಗಲೇ ಒಂದು ಅಣು ಕೂತಿರುವ ರಚನೆ ಬೇಕು. ಖಾಲಿ ಪ್ರೋಟೀನಿನಲ್ಲಿ ಆ ಗುಳಿ ಮುಚ್ಚಿಕೊಂಡಿರಬಹುದು, ಆಕಾರ ಬೇರೆ ಇರಬಹುದು.

1ಎಚ್‌ಎಸ್‌ಜಿ ರಚನೆಯ ರೆಸಲ್ಯೂಶನ್ 2.0 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ 0.1 ನ್ಯಾನೋಮೀಟರ್). ಎರಡು ಸರಪಳಿ, ಒಂದೊಂದರಲ್ಲಿ 99 ಅಮೈನೋ ಆಮ್ಲ. ನಡುವೆ ಇಂಡಿನಾವಿರ್, ಫೈಲಿನಲ್ಲಿ ಅದರ ಹೆಸರು ಎಂಕೆ1. ಎರಡೂ ಸರಪಳಿ ಸೇರಿದರೆ ಮಾತ್ರ ಗುಳಿ ಪೂರ್ತಿ. ಒಂದೇ ಸರಪಳಿ ಇಟ್ಟುಕೊಂಡು ಅರ್ಧ ಗುಳಿಗೆ ಡಾಕ್ ಮಾಡಿದ ವರದಿಗಳೂ ಬರುತ್ತವೆ, ನೋಡಿ.

ಪ್ರತಿ ರಚನೆಯ ಜೊತೆ ಒಂದು ಮೌಲ್ಯಮಾಪನ ವರದಿ ಇರುತ್ತದೆ. ಅದನ್ನು ತೆರೆದು ಮೂರು ಪ್ರಶ್ನೆ ಕೇಳಿ. ಗುಳಿಯ ಸುತ್ತ ಯಾವುದಾದರೂ ಅಮೈನೋ ಆಮ್ಲ ಕಾಣೆಯಾಗಿದೆಯೇ? ಒಂದೇ ಪರಮಾಣುವಿಗೆ ಎರಡು ಸ್ಥಾನ ಕೊಟ್ಟಿದ್ದಾರೆಯೇ? ಕೂತ ಅಣುವಿಗೆ ಎಕ್ಸ್‌ರೇ ಅಳತೆಯಿಂದ ಬಂದ ಎಲೆಕ್ಟ್ರಾನ್ ಸಾಂದ್ರತೆಯ ಆಧಾರ ಇದೆಯೇ?

ನಾಲ್ಕನೆಯದನ್ನು ನಾನು ಸೇರಿಸುತ್ತೇನೆ: ಅಣು ಪ್ರೋಟೀನಿಗೆ ರಾಸಾಯನಿಕ ಬಂಧದಿಂದಲೇ ಅಂಟಿದೆಯೇ? ಕೋವಿಡ್ ಕಾಲದಲ್ಲಿ ಎಲ್ಲರೂ ಎತ್ತಿಕೊಂಡ, ಆ ವೈರಸ್ಸಿನ ಕಿಣ್ವದ 6ಎಲ್‌ಯು7 ರಚನೆಯಲ್ಲಿ ಎನ್3 ಎಂಬ ಅಣು ಸಿಸ್ಟೀನ್ 145ಕ್ಕೆ ಕೋವೇಲೆಂಟ್ ಆಗಿ ಅಂಟಿದೆ. ಸಾಮಾನ್ಯ ಡಾಕಿಂಗ್‌ಗೆ ಆ ಬಂಧ ಗೊತ್ತಿಲ್ಲ. ಅಲ್ಲಿ ಎನ್3 ಅನ್ನು ಮತ್ತೆ ಡಾಕ್ ಮಾಡಿ ವಿಧಾನ ಸರಿ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಿದರೆ ಎರಡಕ್ಕೂ ಅರ್ಥವಿಲ್ಲ.

## ಹಂತ 2: ಪ್ರೋಟಾನ್ ಮತ್ತು ನೀರು

ಜಾಸ್ತಿ ಜನ ಎರಡು ನಿಮಿಷದಲ್ಲಿ ಮುಗಿಸುವ ಹಂತ ಇದೇ. ಅರ್ಧ ದಿನ ಕೊಡಬೇಕಾದದ್ದೂ ಇದಕ್ಕೇ.

ಎಕ್ಸ್‌ರೇ ರಚನೆಯಲ್ಲಿ ಸಾಮಾನ್ಯವಾಗಿ ಹೈಡ್ರೋಜನ್ ಕಾಣುವುದಿಲ್ಲ. ಸಾಫ್ಟ್‌ವೇರ್ ತನಗೆ ತೋಚಿದಂತೆ ಸೇರಿಸುತ್ತದೆ. ಎಲ್ಲ ಆಸ್ಪಾರ್ಟಿಕ್ ಆಮ್ಲಗಳಿಗೂ ಋಣ ಚಾರ್ಜ್ ಕೊಟ್ಟುಬಿಡುತ್ತದೆ. ಎಚ್‌ಐವಿ ಪ್ರೋಟಿಯೇಸಿನಲ್ಲಿ ಎರಡು ಸರಪಳಿಯ ಆಸ್ಪಾರ್ಟಿಕ್ 25 ಎದುರುಬದುರು ಕೂತಿವೆ. ಇಷ್ಟು ಹತ್ತಿರ ಎರಡು ಋಣ ಚಾರ್ಜ್ ಇದ್ದರೆ ಒಂದನ್ನೊಂದು ತಳ್ಳುತ್ತವೆ, ಹಾಗಾಗಿ ಇಂಥ ಅಣು ಕೂತಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಪ್ರೋಟಾನ್ ಹಿಡಿದಿರುತ್ತದೆ ಎಂದು ಇಟ್ಟುಕೊಳ್ಳುತ್ತಾರೆ. ಇದನ್ನು ನೀವೇ ಕೈಯಾರೆ ಮಾಡಬೇಕು. ಆಂಬರ್ ಫೋರ್ಸ್ ಫೀಲ್ಡ್ (ಪರಮಾಣುಗಳ ನಡುವಿನ ಬಲಗಳ ಸೂತ್ರ, ಸಂಖ್ಯೆಗಳ ಕಟ್ಟು) ಬಳಸುವುದಾದರೆ ಒಂದು ಸರಪಳಿಯ 25ನೇ ಆಸ್ಪಾರ್ಟಿಕ್‌ನ ಹೆಸರನ್ನು ಎಎಸ್‌ಪಿ ಇದ್ದದ್ದು ಎಎಸ್‌ಎಚ್ ಎಂದು ಬದಲಿಸಿ. ಪ್ರೋಪ್ಕಾ ಓಡಿಸಿ ಉಳಿದವನ್ನೂ ನೋಡಿ, ಆದರೆ ಇಂಥ ಜೋಡಿಯ ವಿಷಯದಲ್ಲಿ ಅದು ಹೇಳಿದ್ದೇ ಕೊನೆ ಮಾತು ಎಂದುಕೊಳ್ಳಬೇಡಿ. ಆ ಪ್ರೋಟೀನಿನ ಮೇಲೆ ಬಂದ ಪ್ರಯೋಗಗಳ ಪೇಪರ್ ಓದಿ ಹೋಲಿಸಿ.

ವಿನಾದ ಅಂಕದಲ್ಲಿ ಪರಮಾಣುಗಳ ಚಾರ್ಜ್ ಸೇರುವುದೇ ಇಲ್ಲ. ಯಾರು ಹೈಡ್ರೋಜನ್ ಕೊಡಬಲ್ಲರು, ಯಾರು ಪಡೆಯಬಲ್ಲರು ಎಂಬುದನ್ನಷ್ಟೇ ನೋಡುತ್ತದೆ. ಹಾಗಾಗಿ ಇಲ್ಲಿ ಮಾಡಿದ ತಪ್ಪು ಡಾಕಿಂಗ್‌ನಲ್ಲಿ ಅಡಗಿಕೊಂಡು ಆಮೇಲೆ ಸಿಮ್ಯುಲೇಶನ್‌ನಲ್ಲಿ ಸಿಡಿಯುತ್ತದೆ. ಡಾಕಿಂಗ್ ಚೆನ್ನಾಗಿ ಬಂತಲ್ವಾ, ಆಮೇಲೆ ಯಾಕೆ ಅಣು ಜರುಗಿತು ಎಂದು ತಲೆ ಕೆರೆದುಕೊಳ್ಳುವವರು ಮೊದಲು ಇಲ್ಲಿಗೆ ವಾಪಸ್ ಬರಬೇಕು.

ಈಗ ನೀರು. ನೀರನ್ನೆಲ್ಲ ಅಳಿಸಿ ಎನ್ನುವುದು ಮಂತ್ರದಂತೆ ಹಬ್ಬಿದೆ. 1ಎಚ್‌ಎಸ್‌ಜಿಯಲ್ಲಿ 308ನೇ ನೀರು ಗುಳಿಯ ಮುಚ್ಚಳದಂತಿರುವ ಎರಡು ರೆಪ್ಪೆಗಳ ಐಸೋಲ್ಯೂಸಿನ್ 50ಕ್ಕೂ ಇಂಡಿನಾವಿರ್‌ಗೂ ನಡುವೆ ಹೈಡ್ರೋಜನ್ ಬಂಧದ ಸೇತುವೆ ಕಟ್ಟಿದೆ. ಇಂಥದೇ ಅಣುಗಳು ಕೂತ ಬೇರೆ ಎಷ್ಟೋ ರಚನೆಗಳಲ್ಲೂ ಆ ನೀರು ಅಲ್ಲೇ ಇರುತ್ತದೆ. ಅದನ್ನು ಉಳಿಸಿ, ಬೇರೆಯವನ್ನು ಡಾಕಿಂಗ್‌ಗೆ ಮುನ್ನ ತೆಗೆಯಿರಿ. ನಿಮ್ಮ ಪ್ರೋಟೀನಿನಲ್ಲಿ ಯಾವ ನೀರು ಉಳಿಸಬೇಕು ಎಂದು ತಿಳಿಯಲು ಅದೇ ಪ್ರೋಟೀನಿನ ನಾಲ್ಕಾರು ರಚನೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಕಾಣುವ ನೀರು ಪ್ರೋಟೀನಿನ ಭಾಗವೇ ಎಂದು ತಿಳಿಯಿರಿ. ಬಂಧ ಕಟ್ಟಿದ ಲೋಹದ ಅಯಾನ್ ಇದ್ದರೂ ಇದೇ ಮಾತು.

## ಹಂತ 3: ಅಣುವನ್ನು ಸರಿಯಾಗಿ ಬರೆಯುವುದು

ಪಿಡಿಬಿ ಫೈಲಿನಿಂದ ಅಣುವನ್ನು ಕತ್ತರಿಸಿ ಹಾಗೇ ಬಳಸಬೇಡಿ. ಆ ಫೈಲಿನಲ್ಲಿ ಯಾವುದು ಒಂಟಿ ಬಂಧ, ಯಾವುದು ಜೋಡಿ ಬಂಧ ಎಂಬ ಮಾಹಿತಿ ಇರುವುದಿಲ್ಲ. ಸಾಫ್ಟ್‌ವೇರ್ ಊಹೆ ಮಾಡುತ್ತದೆ, ಬೆಂಜೀನ್ ಉಂಗುರದ ಮೇಲೆ ಜಾಸ್ತಿ ಹೈಡ್ರೋಜನ್ ಕೂರಿಸುತ್ತದೆ. ಸ್ಮೈಲ್ಸ್ ಬರಹವನ್ನು (ಅಣುವಿನ ರಚನೆಯನ್ನು ಅಕ್ಷರಗಳ ಸಾಲಾಗಿ ಬರೆದದ್ದು) ಬೇರೆಯಾಗಿ ತಂದು ಆರ್‌ಡಿಕಿಟ್‌ನಲ್ಲಿ ಅದನ್ನು ಮಾದರಿಯಾಗಿಟ್ಟು ಬಂಧಗಳನ್ನು ಸರಿಪಡಿಸಿ.

ಸ್ಮೈಲ್ಸ್ ತರುವಾಗ ಎಡ–ಬಲ ರೂಪದ ಗುರುತು ಇರುವುದನ್ನೇ ತನ್ನಿ. ಇಂಡಿನಾವಿರ್‌ಗೆ ಐದು ಕೈರಲ್ ಕೇಂದ್ರಗಳಿವೆ, ಅಂದರೆ 32 ರೂಪಗಳು ಸಾಧ್ಯ. ಅದರಲ್ಲಿ ಔಷಧ ಒಂದೇ. ಗುರುತಿಲ್ಲದ ಬರಹ ಕೊಟ್ಟರೆ ಸಾಫ್ಟ್‌ವೇರ್ ಸುಮ್ನೆ ಯಾವುದೋ ಒಂದನ್ನು ಕಟ್ಟಿ ಕೊಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಗಿಡಮೂಲಿಕೆಯ ಅಣುಗಳಲ್ಲಿ ಇದು ಇನ್ನೂ ಜಾಸ್ತಿ.

ಆಮೇಲೆ ಚಾರ್ಜ್. ದೇಹದ ಪಿಎಚ್ 7.4ರಲ್ಲಿ ಕಾರ್ಬಾಕ್ಸಿಲಿಕ್ ಆಮ್ಲ ಋಣವಾಗಿರುತ್ತದೆ, ಸಾಧಾರಣ ಅಲಿಫ್ಯಾಟಿಕ್ ಅಮೀನ್ ಧನವಾಗಿರುತ್ತದೆ. ಇಂಡಿನಾವಿರ್‌ನಲ್ಲಿ ಪಿಪರಜೀನ್ ಇದ್ದರೂ ಅದರ ಕ್ಷಾರಗುಣ ತಗ್ಗಿರುವುದರಿಂದ ಆ ಪಿಎಚ್‌ನಲ್ಲಿ ಹೆಚ್ಚಿನ ಪಾಲು ತಟಸ್ಥ, ಅಂದರೆ ಒಟ್ಟು ಚಾರ್ಜ್ 0. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಹಂತ 6ರಲ್ಲಿ ಬೇಕು.

## ಹಂತ 4: ಗೊತ್ತಿರುವುದನ್ನು ಮೊದಲು ಡಾಕ್ ಮಾಡಿ

ಇಂಡಿನಾವಿರ್ ಅನ್ನು ಗುಳಿಯಿಂದ ಹೊರತೆಗೆಯಿರಿ. ಸ್ಮೈಲ್ಸ್‌ನಿಂದ ಹೊಸದಾಗಿ ಮೂರು ಆಯಾಮದ ಆಕಾರ ಕಟ್ಟಿ. ಎಕ್ಸ್‌ರೇ ರಚನೆಯ ಸ್ಫಟಿಕದಲ್ಲಿದ್ದ ಅದೇ ಆಕಾರವನ್ನು ಕೊಟ್ಟರೆ ಉಂಗುರಗಳ ಭಂಗಿ, ಬಂಧದ ಕೋನ ಎಲ್ಲ ಮೊದಲೇ ಸರಿ ಇರುತ್ತವೆ, ಪರೀಕ್ಷೆ ಸುಲಭವಾಗಿಬಿಡುತ್ತದೆ.

ವಿನಾ ಎಲ್ಲಿ ಹುಡುಕಬೇಕು ಎಂದು ಗುರುತಿಸುವ ಪೆಟ್ಟಿಗೆಯ ಕೇಂದ್ರವನ್ನು ಯಾರದೋ ಪೇಪರಿನಿಂದ ನಕಲು ಮಾಡಬೇಡಿ. ಎಂಕೆ1 ಪರಮಾಣುಗಳ ಸರಾಸರಿ ಸ್ಥಾನ ತೆಗೆಯಿರಿ, ಅದೇ ಕೇಂದ್ರ. ಪ್ರೋಟೀನನ್ನು ತಯಾರಿಸುವಾಗ ಯಾವುದೋ ಸಾಫ್ಟ್‌ವೇರ್ ಅದನ್ನು ಜರುಗಿಸಿದ್ದರೆ ಹಳೆಯ ಕೇಂದ್ರ ಗಾಳಿಯಲ್ಲಿ ನಿಂತಿರುತ್ತದೆ. ಪೆಟ್ಟಿಗೆಯನ್ನು ಪೈಮೋಲ್‌ನಲ್ಲಿ ಬಿಡಿಸಿ ಕಣ್ಣಾರೆ ನೋಡಿ. ಪ್ರತಿ ಬದಿ 25 ಆಂಗ್‌ಸ್ಟ್ರಾಮ್ ಸುತ್ತಮುತ್ತ ಸಾಕು. 30ರ ಘನಕ್ಕಿಂತ, ಅಂದರೆ 27,000 ಘನ ಆಂಗ್‌ಸ್ಟ್ರಾಮ್‌ಗಿಂತ ದೊಡ್ಡದಾದರೆ ವಿನಾವೇ ಎಚ್ಚರಿಸುತ್ತದೆ. ಇಡೀ ಪ್ರೋಟೀನನ್ನು ಪೆಟ್ಟಿಗೆಯೊಳಗೆ ತುರುಕಿದವರಿಗೆ ಪ್ರತಿ ಸಲ ಬೇರೆ ಬೇರೆ ಉತ್ತರ ಬರುವುದು ಇದಕ್ಕೇ.

ಹುಡುಕಾಟದ ತೀವ್ರತೆಯ ಸಂಖ್ಯೆ ತಾನಾಗಿ 8 ಇರುತ್ತದೆ. ಇಂಡಿನಾವಿರ್‌ನಲ್ಲಿ ತಿರುಗುವ ಬಂಧಗಳು ಹತ್ತಕ್ಕಿಂತ ಜಾಸ್ತಿ, 8 ಸಾಲುವುದಿಲ್ಲ. 32 ಇಡಿ. ಬೇರೆ ಬೇರೆ ಸೀಡ್ (ಯಾದೃಚ್ಛಿಕ ಹುಡುಕಾಟದ ಆರಂಭಿಕ ಸಂಖ್ಯೆ) ಕೊಟ್ಟು ಕನಿಷ್ಠ ಮೂರು ಸಲ ಓಡಿಸಿ. ಮೂರೂ ಸಲ ಮೊದಲ ಭಂಗಿ ಒಂದೇ ಬರಬೇಕು.

ಈಗ ಅಳತೆ. ಡಾಕ್ ಆದ ಭಂಗಿಗೂ ಸ್ಫಟಿಕದ ಭಂಗಿಗೂ ಇರುವ ಆರ್‌ಎಂಎಸ್‌ಡಿ (ಪರಮಾಣುಗಳು ಸರಾಸರಿ ಎಷ್ಟು ದೂರ ಜರುಗಿವೆ ಎಂಬ ಅಳತೆ) 2 ಆಂಗ್‌ಸ್ಟ್ರಾಮ್ ಒಳಗಿದ್ದರೆ ಪಾಸು ಎನ್ನುವುದು ರೂಢಿ. ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಅಳೆಯುವ ಮೊದಲು ಎರಡು ಅಣುಗಳನ್ನು ಒಂದರ ಮೇಲೊಂದು ಹೊಂದಿಸುವುದು. ಪೈಮೋಲ್‌ನ ಅಲೈನ್ ಕಮಾಂಡ್ ಇದನ್ನೇ ಮಾಡುತ್ತದೆ. ಅಣು ಗುಳಿಯ ಹೊರಗೆ ಕೂತಿದ್ದರೂ ಹೊಂದಿಸಿದ ಮೇಲೆ ಆರ್‌ಎಂಎಸ್‌ಡಿ ಚಿಕ್ಕದಾಗಿಯೇ ಬರುತ್ತದೆ, ಅಲ್ವಾ? ಪರಮಾಣುಗಳನ್ನು ಇದ್ದಲ್ಲೇ ಇಟ್ಟು ಅಳೆಯಬೇಕು. ಎರಡು, ಬೆಂಜೀನ್ ಉಂಗುರ ಅರ್ಧ ಸುತ್ತು ತಿರುಗಿದರೆ ಅದು ಅದೇ ಉಂಗುರ, ಆದರೆ ಪರಮಾಣುಗಳ ನಂಬರ್ ಬದಲಾಗಿ ಸಂಖ್ಯೆ ದೊಡ್ಡದಾಗುತ್ತದೆ. ಸಮಮಿತಿ ಗಮನಿಸುವ ಸಾಧನ ಬಳಸಿ. ಓಪನ್ ಬೇಬಲ್ ಜೊತೆ ಬರುವ ಓಬಿಆರ್‌ಎಂಎಸ್ ಸಾಕು.

ಫೇಲ್ ಆದರೆ ಮುಂದೆ ಹೋಗಬೇಡಿ. ಹಂತ 2ಕ್ಕೆ ವಾಪಸ್. ಮುಕ್ಕಾಲು ಪಾಲು ಕಾರಣ ಅಲ್ಲೇ ಇರುತ್ತದೆ.

## ಹಂತ 5: ಹೊಸ ಅಣುಗಳು, ಮತ್ತು ಅಂಕಗಳನ್ನು ಓದುವುದು

ಮರುಡಾಕಿಂಗ್ ಪಾಸಾದರೂ ಇನ್ನೊಂದು ಪರೀಕ್ಷೆ ಬಾಕಿ. ಕೆಲಸ ಮಾಡುತ್ತವೆ ಎಂದು ಗೊತ್ತಿರುವ ಒಂದಷ್ಟು ಅಣುಗಳನ್ನು ಚೆಂಬ್ಲ್ ಡೇಟಾಬೇಸಿನಿಂದ ತೆಗೆದುಕೊಳ್ಳಿ. ಅವುಗಳಂತೆಯೇ ತೂಕ, ಚಾರ್ಜ್ ಇರುವ, ಆದರೆ ಕೂರಲಾರವು ಎಂದು ಭಾವಿಸಬಹುದಾದ ನಕಲಿ ಅಣುಗಳನ್ನು ಜೊತೆಗೆ ಬೆರೆಸಿ. ಡಿಯುಡಿ-ಇ ಎಂಬ ಸಂಗ್ರಹದಲ್ಲಿ 102 ಪ್ರೋಟೀನುಗಳಿಗೆ ಇಂಥ ಪಟ್ಟಿ ಸಿದ್ಧವಿದೆ, ಎಚ್‌ಐವಿ ಪ್ರೋಟಿಯೇಸೂ ಅದರಲ್ಲಿದೆ. ಎಲ್ಲ ಡಾಕ್ ಮಾಡಿ. ಅಸಲಿಗಳು ಪಟ್ಟಿಯ ಮೇಲಿನ ಶೇ 1ರಲ್ಲಿ ಗುಂಪುಗೂಡದಿದ್ದರೆ ನಿಮ್ಮ ಸೆಟಪ್‌ಗೆ ಅಸಲಿ–ನಕಲಿ ಗೊತ್ತಾಗುತ್ತಿಲ್ಲ.

ಇದಾದ ಮೇಲೆಯೇ ನಿಮ್ಮ ಅಣುಗಳು. ಅಂಕ ಓದುವಾಗ ಒಂದು ಲೆಕ್ಕ ತಲೆಯಲ್ಲಿರಲಿ: ಕೋಣೆಯ ತಾಪಮಾನದಲ್ಲಿ ಮೋಲ್‌ಗೆ 1.36 ಕಿಲೋಕ್ಯಾಲರಿ ವ್ಯತ್ಯಾಸ ಅಂದರೆ ಹಿಡಿತದಲ್ಲಿ ಹತ್ತು ಪಟ್ಟು ವ್ಯತ್ಯಾಸ. ವಿನಾ ಮಾಡಿದವರೇ ತಮ್ಮ ಮೂಲ ಪೇಪರಿನಲ್ಲಿ ಕೊಟ್ಟ ದೋಷದ ಅಂದಾಜು ಸುಮಾರು 2.85 ಕಿಲೋಕ್ಯಾಲರಿ. ಅಂದರೆ ನೂರು ಪಟ್ಟಿಗೂ ಮೀರಿದ ಅನುಮಾನ. ಮೈನಸ್ 9.2 ಬಂದ ಅಣು ಮೈನಸ್ 8.8 ಬಂದದ್ದಕ್ಕಿಂತ ಉತ್ತಮ ಎಂದು ಬರೆಯಲು ಯಾವ ಆಧಾರವೂ ಇಲ್ಲ.

ದೊಡ್ಡ ಅಣುವಿಗೆ ಸುಮ್ನೆ ದೊಡ್ಡದಾಗಿರುವುದಕ್ಕೇ ಒಳ್ಳೆ ಅಂಕ ಬರುತ್ತದೆ. ಗಿಡದ ಅಣುಗಳ ಪಟ್ಟಿಯಲ್ಲಿ ರೂಟಿನ್‌ನಂಥ, ಸಕ್ಕರೆ ಅಂಟಿದ ಗ್ಲೈಕೋಸೈಡುಗಳು ಯಾವ ಪ್ರೋಟೀನ್ ಕೊಟ್ಟರೂ ಮೇಲೆ ಬಂದು ಕೂರುವುದು ಹೀಗೆಯೇ. ಅಂಕವನ್ನು ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳ ಸಂಖ್ಯೆಯಿಂದ ಭಾಗಿಸಿ ಇನ್ನೊಂದು ಪಟ್ಟಿ ಮಾಡಿ, ಎರಡನ್ನೂ ಪಕ್ಕಪಕ್ಕ ಇಡಿ. ಭಾಗಿಸಿದರೆ ಚಿಕ್ಕ ಅಣುಗಳ ಕಡೆ ವಾಲುತ್ತದೆ, ಅದೂ ಗೊತ್ತಿರಲಿ.

ಮೇಲಿನ ಐವತ್ತು ಭಂಗಿಗಳನ್ನು ಒಂದೊಂದಾಗಿ ಕಣ್ಣಿಂದ ನೋಡಿ. ಬೇಜಾರಿನ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ. ಅಣುವಿನ ಅರ್ಧ ಭಾಗ ನೀರಿನ ಕಡೆ ಜೋತಾಡುತ್ತಿದೆಯೇ? ಚಾರ್ಜ್ ಇರುವ ಗುಂಪು ಎಣ್ಣೆಯಂಥ ಜಾಗದಲ್ಲಿ ಜೊತೆಗಾರ ಇಲ್ಲದೆ ಹೂತುಹೋಗಿದೆಯೇ? ಆಸ್ಪಾರ್ಟಿಕ್ 25ರ ಹತ್ತಿರವೇ ಹೋಗಿಲ್ಲವೇ? ತೆಗೆದುಹಾಕಿ, ಅಂಕ ಎಷ್ಟೇ ಇರಲಿ.

ಕರ್ಕ್ಯುಮಿನ್, ಕ್ವೆರ್ಸೆಟಿನ್ ಮೇಲೆ ಬಂದರೆ ಖುಷಿಪಡಬೇಡಿ. ಲ್ಯಾಬ್ ಪರೀಕ್ಷೆಗಳಲ್ಲಿ ಎಲ್ಲದರ ಮೇಲೂ ಕೆಲಸ ಮಾಡಿದಂತೆ ತೋರಿ ಮೋಸ ಮಾಡುವ ಅಣುಗಳೆಂದು ಇವಕ್ಕೆ ಹೆಸರಿದೆ. ಪೇಯ್ನ್ಸ್ ಎಂಬ ಜರಡಿ ಆರ್‌ಡಿಕಿಟ್‌ನಲ್ಲೇ ಇದೆ, ಹಾಯಿಸಿ ನೋಡಿ. ಬಾಯಿಂದ ಕೊಡುವ ಔಷಧದ ಅಣುತೂಕ 500 ಮೀರದಿದ್ದರೆ ಒಳ್ಳೆಯದು ಎಂಬಂಥ ಲಿಪಿನ್‌ಸ್ಕಿ ನಿಯಮವನ್ನು ಮಾತ್ರ ಕಾನೂನಿನ ಹಾಗೆ ಹಿಡಿಯಬೇಡಿ. ಇಂಡಿನಾವಿರ್‌ನ ತೂಕವೇ 600 ದಾಟುತ್ತದೆ, ಆದರೂ ಅದು ಬಾಯಿಂದ ನುಂಗುವ ಕ್ಯಾಪ್ಸೂಲ್ ಆಗಿಯೇ ಬಂತು, ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ.

## ಹಂತ 6: ಸಿಮ್ಯುಲೇಶನ್‌ಗೆ ಟೋಪಾಲಜಿ ಕಟ್ಟುವುದು

ಟೋಪಾಲಜಿ ಅಂದರೆ ಯಾವ ಪರಮಾಣುವಿಗೆ ಯಾವ ಬಂಧ, ಎಷ್ಟು ಚಾರ್ಜ್ ಎಂದು ಸಿಮ್ಯುಲೇಶನ್‌ಗೆ ಹೇಳುವ ಫೈಲ್. ಇಲ್ಲಿ ಎರಡು ಫೋರ್ಸ್ ಫೀಲ್ಡ್‌ಗಳ ಭಾಷೆ ಬೆರೆಸಬೇಡಿ. ಪ್ರೋಟೀನಿಗೆ ಆಂಬರ್ ಆದರೆ ಅಣುವಿಗೆ ಗ್ಯಾಫ್2. ಪ್ರೋಟೀನಿಗೆ ಚಾರ್ಮ್36 ಆದರೆ ಅಣುವಿಗೆ ಸಿಜೆನ್‌ಎಫ್‌ಎಫ್. ಆಂಬರ್ ಪ್ರೋಟೀನಿಗೆ ಯಾವುದೋ ಸರ್ವರ್ ಕೊಟ್ಟ ಬೇರೆ ಜಾತಿಯ ಅಣು ಫೈಲ್ ಅಂಟಿಸಿದರೂ ಗ್ರೋಮ್ಯಾಕ್ಸ್ ಓಡಬಹುದು, ಬರುವ ಭೌತಶಾಸ್ತ್ರ ಮಾತ್ರ ಯಾವ ಜಾತಿಯದ್ದೂ ಅಲ್ಲ.

ಆಕ್‌ಪೈಪ್‌ಗೆ ಅಣು ಕೊಡುವಾಗ ಎಎಮ್1-ಬಿಸಿಸಿ ಚಾರ್ಜ್ ಕೇಳಿ, ಒಟ್ಟು ಚಾರ್ಜ್ ನೀವೇ ಹೇಳಿ. ಇಂಡಿನಾವಿರ್‌ಗೆ 0. ಸಿಜೆನ್‌ಎಫ್‌ಎಫ್ ದಾರಿ ಹಿಡಿದರೆ ಅದು ಕೊಡುವ ಪೆನಾಲ್ಟಿ ಸಂಖ್ಯೆ ಓದಿ: 10ರ ಒಳಗೆ ಒಳ್ಳೆಯದು, 10ರಿಂದ 50 ಅನುಮಾನ, 50 ದಾಟಿದರೆ ಆ ಮೌಲ್ಯಗಳನ್ನು ಹಾಗೇ ಬಳಸುವ ಹಾಗಿಲ್ಲ.

ಜನ ಸಿಕ್ಕಿಬೀಳುವ ದೋಷಗಳನ್ನು ಕ್ರಮವಾಗಿ ಹೇಳುತ್ತೇನೆ.

ಪರಮಾಣು ಪ್ರಕಾರಗಳ ವಿಭಾಗ ತಪ್ಪು ಜಾಗದಲ್ಲಿದೆ ಎಂಬ ದೋಷ. ಅಣುವಿನ ಫೈಲಿನಲ್ಲಿರುವ ಆ ವಿಭಾಗ ಫೋರ್ಸ್ ಫೀಲ್ಡ್ ಸಾಲಿನ ಕೆಳಗೆ, ಪ್ರೋಟೀನ್ ಸರಪಳಿಗಳ ಸಾಲಿನ ಮೇಲೆ ಬರಬೇಕು. ಅಣುವಿನ ಫೈಲನ್ನು ಟೋಪಾಲಜಿಯ ಕೊನೆಗೆ ಅಂಟಿಸಿದವರಿಗೆಲ್ಲ ಇದು ಗ್ಯಾರಂಟಿ.

ಪರಮಾಣುಗಳ ಸಂಖ್ಯೆ ತಾಳೆಯಾಗುತ್ತಿಲ್ಲ ಎಂಬ ದೋಷ. ಟೋಪಾಲಜಿಯ ಕೊನೆಯ ಪಟ್ಟಿಯಲ್ಲಿ ಎಂಕೆ1 ಸೇರಿಸಲು ಮರೆತಿದ್ದೀರಿ, ಅಥವಾ ನಿರ್ದೇಶಾಂಕ ಫೈಲಿನ ಎರಡನೇ ಸಾಲಿನ ಒಟ್ಟು ಸಂಖ್ಯೆ ಬದಲಿಸಿಲ್ಲ. ಪಟ್ಟಿಯ ಕ್ರಮ ಮತ್ತು ಫೈಲಿನಲ್ಲಿ ಪರಮಾಣುಗಳ ಕ್ರಮ ಒಂದೇ ಇರಬೇಕು.

ನೀರಿನ ಗುಂಪು ಒಂದೇ ಕಡೆ ಇಲ್ಲ ಎಂಬ ದೋಷ. ಇದು ಹಂತ 2ರಲ್ಲಿ ನೀರು ಉಳಿಸಿಕೊಂಡ ಒಳ್ಳೆಯ ವಿದ್ಯಾರ್ಥಿಗಳಿಗೆ ಮಾತ್ರ ಬರುವ ಶಿಕ್ಷೆ! 308ನೇ ನೀರು ಮೊದಲು, ಆಮೇಲೆ ಅಣು, ಆಮೇಲೆ ಉಳಿದ ನೀರು ಎಂದು ಬಂದರೆ ಅಯಾನ್ ಹಾಕುವ ಜೆನ್‌ಅಯಾನ್ ಕೈಚೆಲ್ಲುತ್ತದೆ. ಅಣುವನ್ನು ಆ ನೀರಿಗಿಂತ ಮೇಲೆ ಇಡಿ: ಎರಡು ಸರಪಳಿ, ಎಂಕೆ1, ಆಮೇಲೆ ಎಲ್ಲ ನೀರು.

ಚಾರ್ಜ್ ಲೆಕ್ಕ. ಎಚ್‌ಐವಿ ಪ್ರೋಟಿಯೇಸಿನ ಒಂದು ಸರಪಳಿಯಲ್ಲಿ ಲೈಸಿನ್, ಆರ್ಜಿನಿನ್ ಸೇರಿ 10 ಧನ, ಆಸ್ಪಾರ್ಟಿಕ್, ಗ್ಲುಟಾಮಿಕ್ ಸೇರಿ 8 ಋಣ. ಎರಡು ಸರಪಳಿಗೆ +4. ಒಂದು ಆಸ್ಪಾರ್ಟಿಕ್ 25ಕ್ಕೆ ಪ್ರೋಟಾನ್ ಕೊಟ್ಟಿದ್ದರಿಂದ +5. ಹಿಸ್ಟಿಡಿನ್ 69 ತಟಸ್ಥ ಇದ್ದಾಗಿನ ಲೆಕ್ಕ ಇದು. ಗ್ರೋಮ್ಯಾಕ್ಸ್ +4 ತೋರಿಸಿದರೆ ನಿಮ್ಮ ಎಎಸ್‌ಎಚ್ ಎಲ್ಲೋ ಕಳೆದುಹೋಗಿದೆ. 4.37 ಎಂಬಂಥ ಅರೆಬರೆ ಸಂಖ್ಯೆ ಬಂದರೆ ಅಣುವಿನ ಚಾರ್ಜ್ ಫೈಲ್ ಕೆಟ್ಟಿದೆ. ದಶಮಾಂಶದ ಕೊನೆಯಲ್ಲಿ ಸಣ್ಣ ಚೂರು ಉಳಿಯುವುದು ಮಾತ್ರ ಸಹಜ.

ಎಚ್ಚರಿಕೆ ಬಂದಾಗ ಮ್ಯಾಕ್ಸ್‌ವಾರ್ನ್ ಎಂಬ ಆಯ್ಕೆ ಹಾಕಿ ಬಾಯಿ ಮುಚ್ಚಿಸುವ ಅಭ್ಯಾಸ ಬಿಡಿ. ಒಂದು ಎಚ್ಚರಿಕೆ ನಿರುಪದ್ರವಿ ಎಂದು ಓದಿ ಖಚಿತವಾದರೆ 1 ಹಾಕಿ. 10 ಹಾಕಿದವರ ಫೈಲ್ ನಾನಂತೂ ತೆರೆದು ನೋಡುವುದಿಲ್ಲ.

## ಹಂತ 7: ಸಡಿಲಿಸಿ, ಬಿಸಿ ಮಾಡಿ, ಒತ್ತಡ ಹೊಂದಿಸಿ

ಪೆಟ್ಟಿಗೆಯ ಗೋಡೆ ಪ್ರೋಟೀನಿನಿಂದ ಕನಿಷ್ಠ 1 ನ್ಯಾನೋಮೀಟರ್ ದೂರ ಇರಲಿ. ಉಪ್ಪು 0.15 ಮೋಲಾರ್. ಮೊದಲು ಶಕ್ತಿ ತಗ್ಗಿಸುವ ಓಟ. ಗರಿಷ್ಠ ಬಲ ಗ್ರೋಮ್ಯಾಕ್ಸ್ ಮಾನದಲ್ಲಿ 1000ದ ಕೆಳಗೆ ಬರಬೇಕು, ಒಟ್ಟು ಸ್ಥಿತಿಶಕ್ತಿ ಲಕ್ಷಗಳ ಲೆಕ್ಕದ ಋಣ ಸಂಖ್ಯೆ ಆಗಿರಬೇಕು. ಬಲ ಇಳಿಯದಿದ್ದರೆ ಯಾವ ಪರಮಾಣುವಿನ ಮೇಲೆ ಅದು ಇದೆ ಎಂದು ಗ್ರೋಮ್ಯಾಕ್ಸೇ ಹೇಳುತ್ತದೆ. ಆ ಪರಮಾಣುವನ್ನು ಹೋಗಿ ನೋಡಿ. ಬಹಳ ಸಲ ಅಣುವಿನ ಒಂದು ತುದಿ ಪ್ರೋಟೀನಿನೊಳಗೆ ಚುಚ್ಚಿಕೊಂಡಿರುತ್ತದೆ.

ಆಮೇಲೆ 100 ಪಿಕೋಸೆಕೆಂಡ್ ಗಾತ್ರ ಬದಲಿಸದೆ 300 ಕೆಲ್ವಿನ್‌ಗೆ, ಆಮೇಲೆ ಅಷ್ಟೇ ಅಥವಾ ಜಾಸ್ತಿ ಹೊತ್ತು 1 ಬಾರ್ ಒತ್ತಡದಲ್ಲಿ. ಎರಡರಲ್ಲೂ ಪ್ರೋಟೀನ್ ಮತ್ತು ಅಣು ಎರಡನ್ನೂ ಕಟ್ಟಿಹಾಕಬೇಕು. ಪ್ರೋಟೀನಿಗೆ ಕಟ್ಟು ತಾನಾಗಿ ಸಿದ್ಧವಾಗುತ್ತದೆ, ಅಣುವಿಗೆ ನೀವೇ ಫೈಲ್ ಮಾಡಿ ಸೇರಿಸಬೇಕು. ಮರೆತರೆ ನೀರು ನೆಲೆಗೊಳ್ಳುವ ಮೊದಲೇ ಅಣು ಜಾಗ ಬಿಡುತ್ತದೆ, ತಪ್ಪು ಅಣುವಿನ ತಲೆಗೆ ಬರುತ್ತದೆ. ತಾಪಮಾನದ ಗುಂಪುಗಳು ಎರಡೇ: ಪ್ರೋಟೀನ್ ಮತ್ತು ಅಣು ಒಟ್ಟಿಗೆ ಒಂದು, ನೀರು ಮತ್ತು ಅಯಾನ್ ಒಟ್ಟಿಗೆ ಇನ್ನೊಂದು.

ಒತ್ತಡದ ಗ್ರಾಫ್ ನೂರಾರು ಬಾರ್ ಮೇಲೆ ಕೆಳಗೆ ಹಾರುವುದನ್ನು ಕಂಡು ಗಾಬರಿಯಾಗಬೇಡಿ, ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಅದು ಹಾಗೇ. ಸಾಂದ್ರತೆ ನೋಡಿ. ಘನ ಮೀಟರಿಗೆ 1000 ಕಿಲೋಗ್ರಾಂ ಸುತ್ತ ನಿಂತಿದ್ದರೆ ಮುಂದೆ ಹೋಗಿ. ಲಿಂಕ್ಸ್ (ಬಂಧಗಳ ಉದ್ದ ಕಾಯುವ ಲೆಕ್ಕ) ಎಚ್ಚರಿಕೆಗಳು ಸಾಲುಸಾಲಾಗಿ ಬಂದರೆ ಟೈಮ್‌ಸ್ಟೆಪ್ (ಒಂದು ಲೆಕ್ಕದಿಂದ ಮುಂದಿನದಕ್ಕೆ ಇರುವ ಸಮಯ) ಇಳಿಸಿ ಮುಚ್ಚಿಹಾಕಬೇಡಿ. ಕಾರಣ ಹಂತ 6ರಲ್ಲಿದೆ.

## ಹಂತ 8: ಮುಖ್ಯ ಓಟ ಮತ್ತು ಅದನ್ನು ಓದುವುದು

2 ಫೆಮ್ಟೋಸೆಕೆಂಡ್ ಟೈಮ್‌ಸ್ಟೆಪ್, ಹೈಡ್ರೋಜನ್ ಸೇರಿದ ರಾಸಾಯನಿಕ ಬಂಧಗಳ ಉದ್ದಕ್ಕೆ ಬಿಗಿ, ತಾಪಮಾನಕ್ಕೆ ವಿ-ರೀಸ್ಕೇಲ್, ಒತ್ತಡಕ್ಕೆ ಸಿ-ರೀಸ್ಕೇಲ್ ಅಥವಾ ಪ್ಯಾರಿನೆಲ್ಲೋ–ರಹಮಾನ್. ಕರೆಂಟ್ ಹೋದರೆ ಹೆದರಬೇಡಿ, ಗ್ರೋಮ್ಯಾಕ್ಸ್ ಹದಿನೈದು ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಬರೆಯುತ್ತದೆ. ಸಿಪಿಐ ಆಯ್ಕೆ ಕೊಟ್ಟು ಅಲ್ಲಿಂದಲೇ ಮುಂದುವರಿಸಿ.

ಒಂದು 300 ನ್ಯಾನೋಸೆಕೆಂಡ್ ಓಟಕ್ಕಿಂತ, ಬೇರೆ ಬೇರೆ ಆರಂಭಿಕ ವೇಗ ಕೊಟ್ಟ ಮೂರು 100 ನ್ಯಾನೋಸೆಕೆಂಡ್ ಓಟಗಳು ಮೇಲು. ಒಂದೇ ಓಟದಲ್ಲಿ ಕಂಡದ್ದು ಅಣುವಿನ ಗುಣವೋ ಆ ಓಟದ ಅದೃಷ್ಟವೋ ಹೇಳಲಾಗುವುದಿಲ್ಲ.

ಓದುವಾಗ ಮೊದಲ ಬಲೆ. ಆರ್‌ಎಂಎಸ್‌ಡಿ ಗೆರೆ ಇದ್ದಕ್ಕಿದ್ದಂತೆ 0.2ರಿಂದ 4 ನ್ಯಾನೋಮೀಟರಿಗೆ ಹಾರಿ, ಮತ್ತೆ ಇಳಿದು, ಮತ್ತೆ ಹಾರುತ್ತದೆ. ಅಣು ಬಿಟ್ಟುಹೋಯಿತು ಎಂದು ಬರೆದುಬಿಡುತ್ತಾರೆ. ಆಗಿದ್ದು ಇಷ್ಟೇ: ಎರಡು ಸರಪಳಿಗಳಲ್ಲಿ ಒಂದು ಪೆಟ್ಟಿಗೆಯ ಗೋಡೆ ದಾಟಿ ಆ ಕಡೆಯಿಂದ ಒಳಬಂದಿದೆ. ಟ್ರಾಜೆಕ್ಟರಿಯನ್ನು (ಓಟದ ಚಿತ್ರಗಳ ಸರಣಿ) ಮೊದಲು ನೋಜಂಪ್ (ಗೋಡೆ ದಾಟಿದ ನೆಗೆತ ಅಳಿಸುವ ಆಯ್ಕೆ) ಮೂಲಕ ಹಾಯಿಸಿ, ಆಮೇಲೆ ಪ್ರೋಟೀನನ್ನು ನಡುವೆ ಕೂರಿಸಿ, ಅದಾದ ಮೇಲೆ ಅಳೆಯಿರಿ. ನೋಜಂಪ್‌ಗೆ ಕೊಡುವ ಮೊದಲ ಚಿತ್ರದಲ್ಲಿ ಎರಡು ಸರಪಳಿಯೂ ಒಟ್ಟಿಗಿರಬೇಕು.

ಎರಡನೇ ಬಲೆ, ಅಣುವನ್ನು ಅಣುವಿನ ಮೇಲೆಯೇ ಹೊಂದಿಸಿ ಆರ್‌ಎಂಎಸ್‌ಡಿ ತೆಗೆಯುವುದು. ಪ್ರೋಟೀನಿನ ಬೆನ್ನೆಲುಬನ್ನು ಹೊಂದಿಸಿ, ಅಣುವನ್ನು ಅಳೆಯಿರಿ. ಹಂತ 4ರ ತಪ್ಪೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಮೂರನೆಯದು ದೊಡ್ಡದು. 100 ನ್ಯಾನೋಸೆಕೆಂಡ್ ಅಣು ಅಲ್ಲಾಡಲಿಲ್ಲ, ಹಾಗಾಗಿ ಬಿಗಿಯಾಗಿ ಹಿಡಿದಿದೆ ಎಂಬ ವಾದ. ಲೆಕ್ಕ ಹಾಕಿ ನೋಡಿ. ಒಂದು ಮೈಕ್ರೋಮೋಲಾರ್ ಹಿಡಿತದ (ಈ ಸಂಖ್ಯೆ ಚಿಕ್ಕದಾದಷ್ಟೂ ಹಿಡಿತ ಬಿಗಿ) ಸಾಧಾರಣ ಅಣು, ಸೆಕೆಂಡಿಗೆ ಮೋಲಾರಿಗೆ ಹತ್ತು ಕೋಟಿಯ ವೇಗದಲ್ಲಿ ಬಂದು ಕೂರುತ್ತದೆ ಎಂದು ಇಟ್ಟುಕೊಂಡರೂ, ಸರಾಸರಿ 10 ಮಿಲಿಸೆಕೆಂಡ್ ಅಲ್ಲಿರುತ್ತದೆ. ಅದು ನಿಮ್ಮ ಓಟದ ಒಂದು ಲಕ್ಷ ಪಟ್ಟು. ಅದಕ್ಕಿಂತ ಸಾವಿರ ಪಟ್ಟು ದುರ್ಬಲವಾದ, ಔಷಧಕ್ಕೆ ಉಪಯೋಗವೇ ಇಲ್ಲದ ಅಣು ಕೂಡ 10 ಮೈಕ್ರೋಸೆಕೆಂಡ್ ಕೂರುತ್ತದೆ, ಅಂದರೆ ನಿಮ್ಮ ಓಟದ ನೂರು ಪಟ್ಟು. ಸಮತಟ್ಟಾದ ಗೆರೆ ಹೇಳುವುದು ಒಂದೇ: ಈ ಭಂಗಿ ತೀರಾ ಅಸಂಬದ್ಧ ಅಲ್ಲ. ಅಣು ಮೂರೂ ಓಟದಲ್ಲಿ ಬೇಗನೆ ಜರುಗಿಹೋದರೆ ಅದು ಜಾಸ್ತಿ ಬೆಲೆಯ ಮಾಹಿತಿ, ಆ ಭಂಗಿಯನ್ನು ಕೈಬಿಡಬಹುದು.

ಪ್ರತಿ ಓಟದ ಪಕ್ಕದಲ್ಲಿ ಇಂಡಿನಾವಿರ್ ಓಟವೂ ಇರಲಿ. ಅದೇ ಫೋರ್ಸ್ ಫೀಲ್ಡ್, ಅದೇ ಸೆಟ್ಟಿಂಗ್. ಇಂಡಿನಾವಿರೇ ಜರುಗಿದರೆ ದೋಷ ನಿಮ್ಮ ತಯಾರಿಯಲ್ಲಿದೆ.

## ಹಂತ 9: ಹಿಡಿತದ ಶಕ್ತಿ ಲೆಕ್ಕ

ಸಿಮ್ಯುಲೇಶನ್ ಚಿತ್ರಗಳಿಂದ ಹಿಡಿತದ ಶಕ್ತಿ ಅಂದಾಜಿಸುವ ಎಂಎಂ-ಜಿಬಿಎಸ್‌ಎ ಅಥವಾ ಎಂಎಂ-ಪಿಬಿಎಸ್‌ಎ ಓಡಿಸಿದರೆ ಮೈನಸ್ 60ರಂಥ ಸಂಖ್ಯೆ ಬರಬಹುದು. ಇದನ್ನು ನಿಜವಾದ ಹಿಡಿತ ಎಂದು ಬರೆಯಬೇಡಿ. ಒಂದು ನ್ಯಾನೋಮೋಲಾರ್ ಹಿಡಿತದ ಒಳ್ಳೆಯ ಔಷಧಕ್ಕೂ ಶಕ್ತಿ ಮೈನಸ್ 12.3 ಕಿಲೋಕ್ಯಾಲರಿ ಅಷ್ಟೇ. ಎಂಟ್ರೊಪಿಯನ್ನು ಬಹಳ ಮಂದಿ ಬಿಟ್ಟೇ ಲೆಕ್ಕ ಹಾಕುತ್ತಾರೆ, ಗುಳಿಯ ನೀರಿನ ಲೆಕ್ಕ ಒರಟು. ಒಂದೇ ಕುಟುಂಬದ ಅಣುಗಳನ್ನು ಮೇಲೆ ಕೆಳಗೆ ಜೋಡಿಸಲು ಬಳಸಿ, ಮೂರು ಓಟಗಳ ನಡುವಿನ ಏರುಪೇರನ್ನೂ ಜೊತೆಗೆ ಕೊಡಿ.

ಸಂಖ್ಯೆ ನಿಜಕ್ಕೂ ಬೇಕಿದ್ದರೆ ಎಫ್‌ಇಪಿ. ಒಂದು ಅಣುವನ್ನು ಚೂರು ಚೂರಾಗಿ ಇನ್ನೊಂದಾಗಿ ಬದಲಿಸುತ್ತಾ ಹೋಗುವ ವಿಧಾನ ಇದು, ಪ್ರೋಟೀನಿನೊಳಗೆ ಒಮ್ಮೆ, ಬರೀ ನೀರಿನಲ್ಲಿ ಒಮ್ಮೆ. ಚೆನ್ನಾಗಿ ಮಾಡಿದರೆ ದೋಷ 1 ಕಿಲೋಕ್ಯಾಲರಿ ಸುತ್ತ. ಓಪನ್‌ಎಫ್‌ಇ, ಪಿಎಂಎಕ್ಸ್ ಉಚಿತ ಸಾಧನಗಳು. ಒಂದು ಮೀಥೈಲ್, ಒಂದು ಕ್ಲೋರಿನ್ ಬದಲಿಸುವಂಥ ಸಣ್ಣ ವ್ಯತ್ಯಾಸಗಳಿಗೆ ಇದು ಹೊಂದುತ್ತದೆ. ತುಳಸಿಯ ಅಣುವನ್ನು ಇಂಡಿನಾವಿರ್ ಆಗಿ ಬದಲಿಸಲು ಹೋಗಬೇಡಿ. ಅ ಯಿಂದ ಆ, ಆ ಯಿಂದ ಇ, ಇ ಯಿಂದ ಮತ್ತೆ ಅ ಎಂದು ಸುತ್ತು ಹಾಕಿ ಕೂಡಿಸಿದಾಗ ಸೊನ್ನೆಯ ಹತ್ತಿರ ಬರಬೇಕು. 1 ಕಿಲೋಕ್ಯಾಲರಿಗಿಂತ ಜಾಸ್ತಿ ಉಳಿದರೆ ಯಾವುದೋ ಒಂದು ಕೊಂಡಿ ಕೆಟ್ಟಿದೆ.

## ಹಂತ 10: ಲ್ಯಾಬ್‌ಗೆ ಏನು ಕೊಡಬೇಕು

ಒಂದೇ ಅಣು ಕೊಡಬೇಡಿ. ರಚನೆಯಲ್ಲಿ ಒಂದಕ್ಕೊಂದು ಸಂಬಂಧ ಇಲ್ಲದ ಹತ್ತಿಪ್ಪತ್ತು ಅಣುಗಳನ್ನು, ಕೊಳ್ಳಲು ಸಿಗುತ್ತವೆಯೇ ಎಂದು ನೋಡಿ ಕೊಡಿ. ಜೊತೆಗೆ ನಿಮ್ಮ ಲೆಕ್ಕ ಕೂರುವುದಿಲ್ಲ ಎಂದ ಎರಡು ಮೂರು ಅಣುಗಳೂ ಇರಲಿ, ಪರೀಕ್ಷೆ ಮಾಡುವವರಿಗೆ ಯಾವುದು ಯಾವುದು ಎಂದು ಹೇಳಬೇಡಿ. ಪ್ರತಿಯೊಂದರ ಜೊತೆ ಒಂದು ಭಂಗಿಯ ಚಿತ್ರ, ಯಾವ ಅಮೈನೋ ಆಮ್ಲದ ಜೊತೆ ಯಾವ ಬಂಧ ಎಂಬ ಒಂದು ಸಾಲು. ಆ ಸಾಲು ಇದ್ದರೆ ಕೆಮಿಸ್ಟ್ ಒಂದು ಗುಂಪನ್ನು ಕಿತ್ತುಹಾಕಿ ನಿಮ್ಮ ಊಹೆ ಸರಿಯೋ ಎಂದು ನೋಡಬಹುದು.

ಪರೀಕ್ಷೆಯನ್ನು ಎರಡು ಸಲ ಮಾಡಲು ಕೇಳಿ: ಒಮ್ಮೆ ಮಾಮೂಲಿ, ಇನ್ನೊಮ್ಮೆ ಶೇ 0.01 ಟ್ರೈಟಾನ್ ಎಕ್ಸ್-100 ಡಿಟರ್ಜೆಂಟ್ ಸೇರಿಸಿ. ಕೆಲವು ಅಣುಗಳು ನೀರಿನಲ್ಲಿ ಮುದ್ದೆಗಟ್ಟಿ ಕಿಣ್ವವನ್ನು ತಮ್ಮ ಮೈಗೆ ಅಂಟಿಸಿಕೊಂಡು ಕೆಲಸ ನಿಲ್ಲಿಸುತ್ತವೆ. ಡಿಟರ್ಜೆಂಟ್ ಹಾಕಿದ ತಕ್ಷಣ ಪರಿಣಾಮ ಮಾಯವಾದರೆ ಆ ಅಣು ನಿಮ್ಮ ಗುಳಿಯಲ್ಲಿ ಕೂತಿರಲಿಲ್ಲ, ಡಾಕಿಂಗ್ ಚಿತ್ರ ಎಷ್ಟೇ ಚಂದ ಇರಲಿ ಅದನ್ನು ಪಟ್ಟಿಯಿಂದ ತೆಗೆಯಿರಿ.